ಪೋಷಕನಟನ ಸ್ಥಾನ: ಹ್ಯಾರಿ ಮಾರ್ಗನ್ನನ ಟೆಲಿವಿಷನ್ ಪಾತ್ರಗಳನ್ನು ಕುರಿತು

ವಿಲಿಯಂ ವೆಲ್‌ಮನ್ ನಿರ್ದೇಶಿಸಿದ ‘ದಿ ಆಕ್ಸ್-ಬೋ ಇನ್ಸಿಡೆಂಟ್’ (1943) ಎಂಬ ಅಮೆರಿಕನ್ ಚಲನಚಿತ್ರದ ಕೊನೆಯ ಭಾಗದಲ್ಲಿ ಗಮನಿಸತಕ್ಕ ಒಂದು ದೃಶ್ಯವುಂಟು. ನಿರಪರಾಧಿಗಳಾದ ಮೂವರನ್ನು ಗುಂಪೊಂದು ನೇಣುಹಾಕಿ ಊರಿಗೆ ಹಿಂದಿರುಗಿದೆ. ಸತ್ತವರಲ್ಲಿ ಒಬ್ಬನು ತನ್ನ ಹೆಂಡತಿಗೆ ಬರೆದಿದ್ದ ಕಾಗದವನ್ನು ಕಥಾನಾಯಕನಾದ ಹೆನ್ರಿ ಫೋಂಡಾ ಮದ್ಯದಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. ಓದುವವನ ಕಣ್ಣುಗಳು ನಮಗೆ ಕಾಣುವುದಿಲ್ಲ; ಪಕ್ಕದಲ್ಲಿ ನಿಂತು ಕೇಳುತ್ತಿರುವ ಗೆಳೆಯನ ಟೋಪಿಯ ಅಂಚು ಅವನ್ನು ಮರೆಮಾಡಿದೆ. ನಾಯಕನ ಮುಖವನ್ನು ಓದಲಾರದ ಪ್ರೇಕ್ಷಕನು ಅನಿವಾರ್ಯವಾಗಿ ಕೇಳುವವನ ಮುಖವನ್ನು ಓದಬೇಕಾಗುತ್ತದೆ. ಆಗಿನ್ನೂ ಮೂವತ್ತು ತುಂಬದ ಆ ಕೇಳುಗನೇ ಮುಂದೆ ಹ್ಯಾರಿ ಮಾರ್ಗನ್ ಎಂದು ಪ್ರಸಿದ್ಧನಾದ ನಟ. ಅವನ ದೀರ್ಘವಾದ ವೃತ್ತಿಜೀವನದ ಲಕ್ಷಣವೆಲ್ಲ ಈ ಒಂದು ದೃಶ್ಯದಲ್ಲಿ ಬೀಜರೂಪವಾಗಿ ಅಡಗಿದೆಯೆಂದು ನನಗೆ ತೋರುತ್ತದೆ.

ಈ ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ನಾಟ್ಯಶಾಸ್ತ್ರದ ಪಂಡಿತನಲ್ಲ. ಇಂಥ ವಿಷಯವನ್ನು ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಚರ್ಚಿಸುವುದು ಉಚಿತವೇ ಎಂದು ಕೆಲವರು ಕೇಳಬಹುದು. ಆದರೆ ಒಂದು ರಾಷ್ಟ್ರದ ಜನ ತಮ್ಮ ಪೋಲೀಸರನ್ನು, ಸೇನಾಧಿಕಾರಿಗಳನ್ನು, ನ್ಯಾಯಾಧೀಶರನ್ನು ಯಾವ ಮುಖದಲ್ಲಿ ಕಲ್ಪಿಸಿಕೊಂಡರೆಂಬುದು ಆ ರಾಷ್ಟ್ರದ ಇತಿಹಾಸದ ಭಾಗವೇ ಸರಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಜನ ಆ ಮುಖಗಳನ್ನು ಕಂಡದ್ದು ಬಹುಮಟ್ಟಿಗೆ ತಮ್ಮ ಮನೆಯ ಟೆಲಿವಿಷನ್ ಪೆಟ್ಟಿಗೆಯಲ್ಲಿ; ಅಲ್ಲಿ ಪುನಃಪುನಃ ಬಂದ ಮುಖಗಳಲ್ಲಿ ಮಾರ್ಗನ್ನನದು ಒಂದು.

ನಾಯಕನಲ್ಲದ ನಟನನ್ನು ನಾವು ಕನ್ನಡದಲ್ಲಿ ಪೋಷಕನಟನೆಂದು ಕರೆಯುತ್ತೇವೆ. ಪೋಷಿಸುವವನು, ಎಂದರೆ ಬೆಳೆಸುವವನು. ನಮ್ಮ ಅಲಂಕಾರಿಕರು ನಾಯಕನ ಸಹಾಯಕರಲ್ಲಿ ಪೀಠಮರ್ದನನ್ನು ಎಣಿಸಿ, ನಾಯಕನಿಗಿಂತ ಗುಣದಲ್ಲಿ ಸ್ವಲ್ಪವೇ ಕಡಿಮೆಯಾದವನೆಂದು ಅವನನ್ನು ವರ್ಣಿಸಿದರು. ಮಾರ್ಗನ್ನನನ್ನು ಅಳೆಯಲು ಈ ಎರಡು ಮಾತುಗಳೂ ಉಪಯುಕ್ತವಾಗಿವೆ. ಅವನು ಬೇರೊಬ್ಬರನ್ನು ಪೋಷಿಸಿದನು, ನಿಜ. ಆದರೆ ಅವನು ಪೋಷಿಸಿದ್ದು ವ್ಯಕ್ತಿಗಳನ್ನು ಮಾತ್ರವೇ, ಅಥವಾ ಕೆಲವು ಸಂಸ್ಥೆಗಳ ಮೇಲಣ ನಂಬಿಕೆಯನ್ನು ಕೂಡ ಪೋಷಿಸಿದನೇ? ಪ್ರಕೃತ ನನ್ನ ಮುಂದಿರುವ ಪ್ರಶ್ನೆ ಇದು.

ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಅವನು 1915ರ ಏಪ್ರಿಲ್ 10ರಂದು ಡೆಟ್ರಾಯಿಟ್ ನಗರದಲ್ಲಿ, ಸ್ಕಾಂಡಿನೇವಿಯ ಮೂಲದ ಕುಟುಂಬದಲ್ಲಿ ಹುಟ್ಟಿದನು. ಹುಟ್ಟುಹೆಸರು ಹ್ಯಾರಿ ಬ್ರಾಟ್ಸ್‌ಬರ್ಗ್. ಬೆಳೆದದ್ದು ಮಿಷಿಗನ್ ಸಂಸ್ಥಾನದ ಮಸ್ಕೀಗನ್ನಿನಲ್ಲಿ. ನ್ಯಾಯಶಾಸ್ತ್ರದ ಉದ್ದೇಶದಿಂದ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದವನು ರಂಗಭೂಮಿಯ ಕಡೆ ತಿರುಗಿ, 1937ರಲ್ಲಿ ನ್ಯೂಯಾರ್ಕಿನ ಗ್ರೂಪ್ ಥಿಯೇಟರ್ ಎಂಬ ನಾಟಕ ಸಂಘದಲ್ಲಿ ಕಾಣಿಸಿಕೊಂಡನು. ಈಲಿಯ ಕಜಾನ್, ಲೀ ಜೆ. ಕಾಬ್ ಮೊದಲಾದವರು ಇದ್ದ ಸಂಘವದು. ಒಬ್ಬ ತಾರೆಯನ್ನು ಮೆರೆಸುವುದಕ್ಕಿಂತ ನಟವೃಂದದ ಒಟ್ಟು ಪರಿಣಾಮವನ್ನು ಸಾಧಿಸುವುದು ಅದರ ಧ್ಯೇಯವಾಗಿತ್ತು. 1942ರಿಂದ ಚಲನಚಿತ್ರ. ಮೊದಮೊದಲು ಹೆನ್ರಿ ಮಾರ್ಗನ್ ಎಂಬ ಹೆಸರಿನಲ್ಲಿ ನಟಿಸುತ್ತಿದ್ದವನು, ಅದೇ ಹೆಸರಿನ ರೇಡಿಯೋ ಹಾಸ್ಯಗಾರನೊಬ್ಬನಿದ್ದ ಕಾರಣ, ಹೆಸರನ್ನು ಬದಲಾಯಿಸಿಕೊಳ್ಳಬೇಕಾಯಿತು. ತಾರೆಯಾದವನಿಗೆ ಹೆಸರೇ ಬಂಡವಾಳ. ಪೋಷಕನಟನಾದರೋ ಹೆಸರನ್ನು ಕೂಡ ಇನ್ನೊಬ್ಬನಿಗೆ ಬಿಟ್ಟುಕೊಡಬೇಕಾಗಿ ಬಂತು.

ಚಲನಚಿತ್ರಗಳಲ್ಲಿ ಅವನಿಗೆ ದೊರೆತ ಪಾತ್ರಗಳು ನೂರಕ್ಕೂ ಮಿಕ್ಕಿದವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿಸ್ತಾರವಾಗಿ ನೋಡಬೇಕು. ಫ್ರೆಡ್ ಜಿನ್ನೆಮನ್ನನ ‘ಹೈ ನೂನ್’ (1952) ಚಿತ್ರದಲ್ಲಿ ಊರಿನ ಮಾರ್ಷಲ್ ತನ್ನನ್ನು ಕೊಲ್ಲಲು ಬರುತ್ತಿರುವ ದುಷ್ಟರನ್ನು ಎದುರಿಸಲು ಗೆಳೆಯರ ಸಹಾಯವನ್ನು ಬೇಡುತ್ತಾ ಮನೆಮನೆಗೆ ಹೋಗುತ್ತಾನೆ. ಸ್ಯಾಮ್ ಫುಲ್ಲರ್ ಎಂಬ ಗೆಳೆಯ ಅವನು ಬರುತ್ತಿರುವುದನ್ನು ಕಂಡು, ತಾನು ಮನೆಯಲ್ಲಿಲ್ಲವೆಂದು ಹೇಳುವಂತೆ ಹೆಂಡತಿಗೆ ತಾಕೀತು ಮಾಡಿ ಒಳಗೆ ಅವಿತುಕೊಳ್ಳುತ್ತಾನೆ. ಆ ಹೆಂಗಸು ಬಾಗಿಲಲ್ಲಿ ನಿಂತು ಹೇಳುವ ಸುಳ್ಳು ಅವಳ ಮುಖದಲ್ಲೇ ಬಯಲಾಗುತ್ತದೆ. ಮಾರ್ಷಲ್ ಏನೂ ಹೇಳದೆ ಹಿಂದಿರುಗುತ್ತಾನೆ. ಇದಿಷ್ಟೇ ಮಾರ್ಗನ್ನನ ಪಾತ್ರ. ಕೆಲವು ನಿಮಿಷವೂ ಇಲ್ಲ. ಆದರೂ ಅವನ ಸ್ಯಾಮ್ ಫುಲ್ಲರ್ ದುಷ್ಟನಲ್ಲ. ಹೆಂಡತಿಯೆದುರು ನಾಚಿಕೆಪಟ್ಟುಕೊಂಡೂ ಬದುಕಲು ಬಯಸುವ ಸಾಮಾನ್ಯ ಗೃಹಸ್ಥ. ಕಮ್ಯೂನಿಸ್ಟರ ಬೇಟೆಯ ಆ ವರ್ಷಗಳಲ್ಲಿ ತನ್ನ ಸ್ನೇಹಿತನನ್ನು ವಿಚಾರಣಾಸಮಿತಿಯೆದುರು ಒಂಟಿಯಾಗಿ ಬಿಟ್ಟ ಎಷ್ಟೋ ಜನ ಸಭ್ಯ ಅಮೆರಿಕನ್ನರು ಈ ಕೆಲವು ಕ್ಷಣಗಳಲ್ಲಿ ತಮ್ಮನ್ನು ಕಂಡಿರಬೇಕು. ಬಿ.ಎ. ತರಗತಿಯಲ್ಲಿ ಶೀತಲಸಮರದ ಪಾಠ ಹೇಳುವಾಗ ನಾನು ಈ ದೃಶ್ಯವನ್ನು ತೋರಿಸುವುದುಂಟು. ಗ್ಯಾರಿ ಕೂಪರನ ಪರಾಕ್ರಮಕ್ಕಿಂತ ಅಡಗಿಕೊಂಡ ಈ ಮನುಷ್ಯನ ವಿಷಯವಾಗಿಯೇ ವಿದ್ಯಾರ್ಥಿಗಳು ಹೆಚ್ಚು ಪ್ರಶ್ನೆ ಕೇಳುತ್ತಾರೆ.

ಟೆಲಿವಿಷನ್ನಿನಲ್ಲಿ ಮಾರ್ಗನ್ನನಿಗೆ ಸ್ಥಿರವಾದ ಸ್ಥಾನ ಸಿಕ್ಕಿದ್ದು ‘ಡಿಸೆಂಬರ್ ಬ್ರೈಡ್’ (1954–59) ಎಂಬ ಹಾಸ್ಯಮಾಲಿಕೆಯಲ್ಲಿ. ಅದರ ನಾಯಿಕೆ ಸ್ಪ್ರಿಂಗ್ ಬೈಂಗ್ಟನ್. ಮಾರ್ಗನ್ನನದು ಪಕ್ಕದ ಮನೆಯ ಪೀಟ್ ಪೋರ್ಟರನ ಪಾತ್ರ. ಬಂದಾಗಲೆಲ್ಲ ತನ್ನ ಹೆಂಡತಿ ಗ್ಲಾಡಿಸಳನ್ನು ದೂರುವುದು ಅವನ ಕಾಯಕ. ಗ್ಲಾಡಿಸಳಾದರೋ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಕಾಣದವಳನ್ನು ಮಾತಿನಿಂದಲೇ ಕಟ್ಟಬೇಕಾದ ಈ ಪಾತ್ರದಲ್ಲಿ ಅವನ ವಾಚಿಕಾಭಿನಯ ಪಳಗಿತು. ಮುಖದ ಒಂದು ಸ್ನಾಯುವನ್ನೂ ಅಲುಗಿಸದೆ, ಒಣಗಿದ ದನಿಯಲ್ಲಿ, ವಾಕ್ಯದ ಕೊನೆಗೆ ಸ್ವರವನ್ನು ತುಸು ತಗ್ಗಿಸಿ ನಗೆಯನ್ನು ಹುಟ್ಟಿಸುವ ಅವನ ರೀತಿ ರೂಪುಗೊಂಡದ್ದು ಇಲ್ಲಿ. ಜನಪ್ರಿಯತೆಯನ್ನು ಕಂಡ ನಿರ್ಮಾಪಕರು 1960ರಲ್ಲಿ ‘ಪೀಟ್ ಅಂಡ್ ಗ್ಲಾಡಿಸ್’ ಎಂಬ ಪ್ರತ್ಯೇಕ ಮಾಲಿಕೆಯನ್ನು ತೆಗೆದು, ಕಾರಾ ವಿಲಿಯಮ್ಸಳನ್ನು ಗ್ಲಾಡಿಸಳಾಗಿ ತಂದು ನಿಲ್ಲಿಸಿದರು. ಎರಡು ವರ್ಷಗಳಲ್ಲಿ ಅದು ನಿಂತುಹೋಯಿತು. ನಟಿಯಲ್ಲಿ ದೋಷವಿರಲಿಲ್ಲ, ಐದು ವರ್ಷ ಪ್ರೇಕ್ಷಕರು ತಮ್ಮ ತಮ್ಮ ಮನಸ್ಸಿನಲ್ಲಿ ಬರೆದುಕೊಂಡಿದ್ದ ಗ್ಲಾಡಿಸಳ ಚಿತ್ರದೊಡನೆ ಯಾವ ನಟಿಯೂ ಸ್ಪರ್ಧಿಸಲಾರಳು.

ಅಲ್ಲಿಂದ ಮುಂದಿನ ಕೆಲವು ವರ್ಷಗಳ ಮಾಲಿಕೆಗಳನ್ನು ಹೆಸರಿಸಿದರೆ ಸಾಕು: ‘ದಿ ರಿಚರ್ಡ್ ಬೂನ್ ಷೋ’ (1963–64), ‘ಕೆಂಟಕಿ ಜೋನ್ಸ್’ (1964–65). ಇದೇ ಕಾಲದ ಚಲನಚಿತ್ರಗಳಲ್ಲಿ ಅವನು ಮೆಲ್ಲಮೆಲ್ಲನೆ ಅಧಿಕಾರಪೀಠವನ್ನು ಏರತೊಡಗಿದ್ದನೆಂಬುದನ್ನು ಮಾತ್ರ ಗಮನಿಸಬೇಕು. ವಿಕಾಸವಾದವನ್ನು ಪಾಠ ಹೇಳಿದ್ದಕ್ಕಾಗಿ ಟೆನೆಸ್ಸೀಯಲ್ಲಿ 1925ರಲ್ಲಿ ನಡೆದ ಮೊಕದ್ದಮೆಯನ್ನು ಆಧರಿಸಿದ ‘ಇನ್‌ಹೆರಿಟ್ ದಿ ವಿಂಡ್’ (1960) ಚಿತ್ರದಲ್ಲಿ ಅವನು ನ್ಯಾಯಾಧೀಶ. ‘ಹೌ ದಿ ವೆಸ್ಟ್ ವಾಸ್ ವನ್’ (1962) ಚಿತ್ರದಲ್ಲಿ ಜನರಲ್ ಗ್ರಾಂಟ್. ಷೈಲೋ ಕದನದ ರಾತ್ರಿ ರಾಜೀನಾಮೆಯ ಯೋಚನೆಯಲ್ಲಿರುವ ಅವನಿಗೆ ಜಾನ್ ವೇನನ ಷರ್ಮನ್ ಧೈರ್ಯ ಹೇಳುತ್ತಾನೆ. ಬಾಗಿಲ ಹಿಂದೆ ಅವಿತ ಗೃಹಸ್ಥನ ಮುಖವೇ ಹತ್ತು ವರ್ಷಗಳಲ್ಲಿ ದಣಿದ ಸೇನಾಪತಿಯ ಮುಖವಾಯಿತು.

1967ರಲ್ಲಿ ಆರಂಭವಾದ ಹೊಸ ‘ಡ್ರ್ಯಾಗ್ನೆಟ್’ ಮಾಲಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲಾಸ್ ಏಂಜಲೀಸ್ ಪೋಲೀಸರ ಕಥೆಗಳನ್ನು ಹೇಳುವ ಈ ಕಾರ್ಯಕ್ರಮವನ್ನು ಜ್ಯಾಕ್ ವೆಬ್ 1949ರಲ್ಲಿ ರೇಡಿಯೋದಲ್ಲಿ ಪ್ರಾರಂಭಿಸಿ, 1951ರಿಂದ 1959ರ ವರೆಗೆ ಟೆಲಿವಿಷನ್ನಿನಲ್ಲಿ ನಡೆಸಿದ್ದನು. ಕಥೆಗಳು ನಿಜವೆಂದೂ ಹೆಸರುಗಳನ್ನು ಮಾತ್ರ ಬದಲಾಯಿಸಿದೆಯೆಂದೂ ಪ್ರತಿ ಕಂತಿನಲ್ಲಿ ಘೋಷಿಸಲಾಗುತ್ತಿತ್ತು. ಪೋಲೀಸ್ ಇಲಾಖೆಯ ಸಹಕಾರವೂ ಇತ್ತು. ಪುನರಾರಂಭದ ಸಮಯಕ್ಕೆ ಹಳೆಯ ಜೊತೆಗಾರ ಬೆನ್ ಅಲೆಕ್ಸಾಂಡರ್ ಬೇರೆ ಮಾಲಿಕೆಯಲ್ಲಿ ತೊಡಗಿದ್ದುದರಿಂದ ವೆಬ್ ಮಾರ್ಗನ್ನನನ್ನು ಕರೆದನು. ಇಬ್ಬರಿಗೂ ಹಳೆಯ ಪರಿಚಯ. ‘ಅಪಾಯಿಂಟ್‌ಮೆಂಟ್ ವಿತ್ ಡೇಂಜರ್’ (1951) ಎಂಬ ಚಿತ್ರದಲ್ಲಿ ಇಬ್ಬರೂ ಪಾತಕಿಗಳಾಗಿ ನಟಿಸಿದ್ದರು. ಪಾತಕಿಗಳ ಜೋಡಿ ಪೋಲೀಸರ ಜೋಡಿಯಾಗಿ ಮರಳಿ ಬಂದದ್ದು ವಿನೋದವಾದ ಸಂಗತಿ.

1965ರ ಆಗಸ್ಟಿನಲ್ಲಿ ಇದೇ ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶದಲ್ಲಿ ನೀಗ್ರೋ ಜನರ ದಂಗೆಯೆದ್ದು 34 ಜನ ಸತ್ತಿದ್ದರು. ಪೋಲೀಸರ ನಡತೆಯೇ ಆ ದಂಗೆಯ ಮುಖ್ಯ ಕಾರಣಗಳಲ್ಲಿ ಒಂದು. ಅದಾಗಿ ಒಂದೂವರೆ ವರ್ಷಕ್ಕೆ ತೆರೆಗೆ ಬಂದ ‘ಡ್ರ್ಯಾಗ್ನೆಟ್’ ಅದೇ ಪೋಲೀಸ್ ಪಡೆಯನ್ನು ನಿಷ್ಪಕ್ಷಪಾತದ ಮೂರ್ತಿಯಾಗಿ ತೋರಿಸಿತು. ವೆಬ್ಬನ ಜೋ ಫ್ರೈಡೇ ಮಾದಕ ಪದಾರ್ಥ ಸೇವಿಸುವ ಯುವಕರಿಗೂ ವಿದ್ಯಾರ್ಥಿಗಳಿಗೂ ನೀಳವಾದ ಉಪದೇಶಗಳನ್ನು ಮಾಡುತ್ತಾನೆ. ನಟರು ಮಾತುಗಳನ್ನು ಕಂಠಪಾಠ ಮಾಡದೆ ಯಂತ್ರದ ಮೇಲಿನ ಅಕ್ಷರಗಳನ್ನು ನೋಡಿ ಹೇಳಬೇಕೆಂಬುದು ವೆಬ್ಬನ ಕಟ್ಟಳೆಯಾದ್ದರಿಂದ ಮಾತಿನ ಓಟ ಮರದಂತೆ ಬಿರುಸು. ಇಂಥ ಮರದ ನಡುವೆ ಮಾರ್ಗನ್ನನ ಬಿಲ್ ಗ್ಯಾನನ್ ತನ್ನ ಊಟದ ವಿಚಾರ, ಅಡಿಗೆಯ ಗುಟ್ಟು, ಮೈಯ ಸಣ್ಣಪುಟ್ಟ ಜಾಡ್ಯ, ಇಂಥವನ್ನು ಆಡುತ್ತಾ ಬರುತ್ತಾನೆ. ಫ್ರೈಡೇ ಕಾನೂನು, ಗ್ಯಾನನ್ ಆ ಕಾನೂನಿನ ಮನೆವಾರ್ತೆ. ಅಧಿಕಾರಕ್ಕೆ ಹಸಿವು ನಿದ್ರೆಗಳುಂಟೆಂದು ತೋರಿದ ಕ್ಷಣದಲ್ಲಿ ನಾವು ಅದನ್ನು ನಂಬಲು ಸಿದ್ಧರಾಗುತ್ತೇವೆ. ಆದಕಾರಣ ವೆಬ್ಬನ ಉಪದೇಶಗಳಿಗಿಂತ ಮಾರ್ಗನ್ನನ ಅಡಿಗೆಯ ಮಾತುಗಳೇ ಪೋಲೀಸ್ ಇಲಾಖೆಗೆ ಹೆಚ್ಚು ಉಪಕಾರ ಮಾಡಿದುವು ಎಂದು ನಾನು ಹೇಳುತ್ತೇನೆ. ಇದು ಕಲೆಯ ಹೊಗಳಿಕೆಯೂ ಹೌದು, ಆಕ್ಷೇಪಣೆಯೂ ಹೌದು. ಒಳ್ಳೆಯ ಪೋಷಕನಟನು ತಾನು ಸೇರಿದ ಕಥೆಯ ಸುಳ್ಳನ್ನು ಕೂಡ ಪೋಷಿಸಿಬಿಡುತ್ತಾನೆ.

ಇನ್ನು ‘ಮ್ಯಾಷ್’. ಈ ಹೆಸರು ಯುದ್ಧಭೂಮಿಯ ಸಂಚಾರಿ ಶಸ್ತ್ರಚಿಕಿತ್ಸಾಲಯಕ್ಕೆ ಅಮೆರಿಕದ ಸೇನೆ ಇಟ್ಟ ಸಂಕ್ಷಿಪ್ತನಾಮ. ಕೊರಿಯದ ಯುದ್ಧವನ್ನು ಹಿನ್ನೆಲೆಯಾಗಿ ಉಳ್ಳ ಕಾದಂಬರಿ 1968ರಲ್ಲಿ, ರಾಬರ್ಟ್ ಆಲ್ಟ್‌ಮನ್ನನ ಚಲನಚಿತ್ರ 1970ರಲ್ಲಿ, ಟೆಲಿವಿಷನ್ ಮಾಲಿಕೆ 1972ರ ಸೆಪ್ಟೆಂಬರಿನಲ್ಲಿ ಬಂದುವು. 1950ರ ಜೂನ್‌ನಿಂದ 1953ರ ಜುಲೈವರೆಗೆ, ಮೂರು ವರ್ಷ ನಡೆದ ಯುದ್ಧವನ್ನು ಈ ಮಾಲಿಕೆ ಹನ್ನೊಂದು ವರ್ಷ, 251 ಕಂತುಗಳಲ್ಲಿ ನಡೆಸಿತು. ಇತಿಹಾಸಕಾರನ ಕಣ್ಣಿಗೆ ಇಲ್ಲಿ ಕಾಲಗಣನೆಯ ಪ್ರಮಾದಗಳು ಹೇರಳ. ಒಂದು ಕಂತಿನ ಪ್ರಕಾರ 1952ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಕರ್ನಲ್ ಪಾಟರ್, ಮತ್ತೊಂದು ಕಂತಿನಲ್ಲಿ 1951ನೆಯ ಇಸವಿಯನ್ನು ಆದ್ಯಂತವಾಗಿ ಅಲ್ಲಿಯೇ ಕಳೆಯುತ್ತಾನೆ! ಇಂಥವನ್ನು ಎತ್ತಿ ಆಡಿ ಪ್ರಯೋಜನವಿಲ್ಲ. ಕಥೆಯ ಕೊರಿಯ ನಿಜವಾಗಿ ವಿಯೆಟ್ನಾಮೆಂಬುದನ್ನು ಪ್ರೇಕ್ಷಕರೆಲ್ಲ ಬಲ್ಲವರಾಗಿದ್ದರು.

ಮಾರ್ಗನ್ ಈ ಮಾಲಿಕೆಗೆ ಎರಡು ಸಲ ಬಂದನು. ಮೊದಲನೆಯ ಸಲ, 1974ರ ಸೆಪ್ಟೆಂಬರಿನ ಒಂದೇ ಕಂತಿನಲ್ಲಿ, ಮತಿಗೆಟ್ಟ ಜನರಲ್ ಸ್ಟೀಲ್ ಆಗಿ. ಆಸ್ಪತ್ರೆಯನ್ನು ಯುದ್ಧರಂಗಕ್ಕೆ ಇನ್ನೂ ಹತ್ತಿರ ಸಾಗಿಸಬೇಕೆಂಬ ಹಟ ಅವನದು. ವಿಚಾರಣೆಯ ಮಧ್ಯೆ ಸಾಕ್ಷಿಗೆಂದು ಬಂದ ಕರಿಯ ಅಧಿಕಾರಿಯನ್ನು ಹಾಡಲು ಹೇಳಿ, ತಾನೇ ಹಾಡಿ ಕುಣಿಯುತ್ತಾ ಹೊರಟುಹೋಗುತ್ತಾನೆ. ಪ್ರೇಕ್ಷಕರು ನಗುತ್ತಾರೆ, ಆದರೆ ಆ ಅಧಿಕಾರಿಯ ಮುಖವನ್ನು ನೋಡಿದವನ ನಗೆ ಅರ್ಧಕ್ಕೆ ನಿಲ್ಲುತ್ತದೆ. ಹುಚ್ಚಿನ ಚೇಷ್ಟೆಗಳನ್ನು ಮಾರ್ಗನ್ ಸ್ವಲ್ಪವೂ ಹೆಚ್ಚಿಸಿ ತೋರಿಸಲಿಲ್ಲ. ಬೇರೆ ಯಾವುದೋ ದಿನ ಇದೇ ಮನುಷ್ಯ ಸೈನ್ಯವನ್ನು ಸರಿಯಾಗಿಯೇ ನಡೆಸಿರಬೇಕೆಂಬ ಭಾವನೆ ಬರುವಂತೆ, ಕವಾಯತಿನ ಠೀವಿಯಲ್ಲೇ ಹುಚ್ಚನ್ನು ಅಡಗಿಸಿದನು. ವಿಡಂಬನೆಯ ಮೊನೆ ಇದರಿಂದ ಹರಿತವಾಯಿತು.

ಮರುವರ್ಷ ಮಾರ್ಚಿಯಲ್ಲಿ ಆಸ್ಪತ್ರೆಯ ಅಧಿಪತಿಯ ಪಾತ್ರಧಾರಿ ಮಾಲಿಕೆಯನ್ನು ಬಿಟ್ಟಾಗ, ಆ ಪಾತ್ರ ಮನೆಗೆ ಮರಳುವ ವಿಮಾನದಲ್ಲಿ ಸತ್ತಿತೆಂದು ಕಥೆ ಕಟ್ಟಲಾಯಿತು. ಏಪ್ರಿಲ್ 30ರಂದು ಸೈಗಾನ್ ಪತನವಾಯಿತು. ಸೆಪ್ಟೆಂಬರಿನಲ್ಲಿ ಮಾರ್ಗನ್ ಕರ್ನಲ್ ಷರ್ಮನ್ ಪಾಟರ್ ಆಗಿ ಬಂದನು. ಈ ಮೂರು ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದು ನನ್ನ ವಾದದ ತಿರುಳು. ನಿರ್ಮಾಪಕರು ಸೈಗಾನನ್ನು ನೆನೆದು ಪಾಟರನನ್ನು ಸೃಷ್ಟಿಸಿದರೆಂದು ನಾನು ಹೇಳುತ್ತಿಲ್ಲ. ನಟನೊಬ್ಬ ಬಿಟ್ಟುಹೋದದ್ದು ತೀರ ಲೌಕಿಕವಾದ ಕಾರಣ. ಆದರೆ ಪಾಟರನನ್ನು ಜನ ಏತಕ್ಕೆ ಅಷ್ಟು ಬೇಗ ಒಪ್ಪಿಕೊಂಡರೆಂಬುದಕ್ಕೆ ಕಾಲವೇ ಉತ್ತರ. ಯುದ್ಧ ನಡೆಯುತ್ತಿದ್ದಾಗ ಮೂರ್ಖರಾದ ಅಧಿಕಾರಿಗಳನ್ನು ನೋಡಿ ನಗುವುದು ಪ್ರತಿಭಟನೆಯಾಗಿತ್ತು. ಯುದ್ಧವನ್ನು ಸೋತಮೇಲೆ ಅದೇ ನಗೆ ಕಹಿಯಾಗತೊಡಗಿತು. ಸೇನೆಯಲ್ಲಿದ್ದೂ ಯುದ್ಧವನ್ನು ದ್ವೇಷಿಸುವ, ಆಜ್ಞೆ ಮಾಡಬಲ್ಲವನಾಗಿದ್ದೂ ಕೇಳಿಸಿಕೊಳ್ಳಬಲ್ಲ ಹಿರಿಯನೊಬ್ಬ ಬೇಕಾಗಿದ್ದನು.

ಪಾಟರ್ ಮಿಸ್ಸೂರಿ ಸಂಸ್ಥಾನದವನು. ವಯಸ್ಸನ್ನು ಮರೆಮಾಚಿ ಅಶ್ವಸೇನೆ ಸೇರಿ ಮೊದಲನೆಯ ಮಹಾಯುದ್ಧವನ್ನು ಕಂಡವನು. ಕೈತುಂಬ ಶಸ್ತ್ರಚಿಕಿತ್ಸೆಯ ಕೆಲಸ ಬಲ್ಲವನು. ಕುದುರೆ, ಕೋಣಗಳ ಸಗಣಿಗೆ ಸಂಬಂಧಪಟ್ಟ ವಿಚಿತ್ರ ಬೈಗಳು ಅವನ ಬಾಯಲ್ಲಿ. ಇವೆಲ್ಲ ಲೇಖಕರು ಕೊಟ್ಟದ್ದು. ಮಾರ್ಗನ್ ಕೊಟ್ಟದ್ದು ಆಲಿಸುವ ರೀತಿ. ಹಾಕೈ ಪಾತ್ರದ ಆಲನ್ ಆಲ್ಡಾ ಮಾತಿನ ಮಳೆಗರೆಯುತ್ತಿರುವಾಗ ಪಾಟರ್ ತಲೆಯನ್ನು ತುಸು ಓರೆ ಮಾಡಿ, ತುಟಿಗಳನ್ನು ಬಿಗಿದು ಸುಮ್ಮನೆ ಕೂತಿರುತ್ತಾನೆ. ಮಾತು ಮುಗಿದಮೇಲೂ ಅರೆಕ್ಷಣ ತಡೆದು ಬಾಯಿ ತೆರೆಯುತ್ತಾನೆ. ಆ ಅರೆಕ್ಷಣದಲ್ಲಿ ಅವನ ಅಧಿಕಾರವೆಲ್ಲ ನಿಂತಿದೆ. ಫೋಂಡಾನ ಕಣ್ಣುಗಳನ್ನು ಮರೆಮಾಡಿದ ಟೋಪಿಯ ಕೆಳಗೆ 1943ರಲ್ಲಿ ಇದ್ದದ್ದೂ ಇದೇ ಕೇಳುವಿಕೆ.

ಪಾತ್ರದ ಔನ್ನತ್ಯವನ್ನು ಕಾಣಬೇಕಾದರೆ 1980ರ ‘ಓಲ್ಡ್ ಸೋಲ್ಜರ್ಸ್’ ಎಂಬ ಕಂತನ್ನು ನೋಡಬೇಕು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಜೊತೆಗಿದ್ದ ಗೆಳೆಯರು, ತಮ್ಮಲ್ಲಿ ಕೊನೆಗೆ ಉಳಿದವನು ಕುಡಿಯತಕ್ಕದ್ದೆಂದು ಒಂದು ಸೀಸೆ ಬ್ರಾಂಡಿಯನ್ನು ಎತ್ತಿಟ್ಟಿರುತ್ತಾರೆ. ಆ ಸೀಸೆ ಪಾಟರನ ಕೈ ಸೇರುತ್ತದೆ. ಎಂದರೆ ಉಳಿದವರೆಲ್ಲ ತೀರಿಕೊಂಡರು. ಅವನು ಕೆಲವು ದಿನ ಎಲ್ಲರಮೇಲೂ ಸಿಡುಕಿ, ಬಳಿಕ ಕಿರಿಯರನ್ನು ಕೂಡಿಸಿಕೊಂಡು ಸತ್ತವರ ಹೆಸರು ಹೇಳಿ ಕುಡಿಯುತ್ತಾನೆ. ಕರುಣವನ್ನು ಉಕ್ಕಿಸಲು ಇಲ್ಲಿ ಎಷ್ಟೋ ಅವಕಾಶವಿತ್ತು. ಮಾರ್ಗನ್ನನ ದನಿ ಒಂದೆರಡು ಕಡೆ ಮಾತ್ರ ಒಡೆದು ಕೂಡಲೇ ಸರಿಹೋಗುತ್ತದೆ. ಸಾತ್ತ್ವಿಕಾಭಿನಯದಲ್ಲಿ ಇಷ್ಟು ಮಿತವ್ಯಯವನ್ನು ಟೆಲಿವಿಷನ್ ಹಾಸ್ಯಮಾಲಿಕೆಗಳಲ್ಲಿ ನಾನು ಬೇರೆ ಕಂಡಿಲ್ಲ. ಆ ವರ್ಷವೇ ಅವನಿಗೆ ಪೋಷಕನಟನ ಎಮ್ಮಿ ಪ್ರಶಸ್ತಿ ಬಂತು.

ಹಾಗಾದರೆ ನಷ್ಟವೇನೂ ಇಲ್ಲವೇ? ಇದೆ. ಸ್ಟೀಲನನ್ನು ಕಂಡು ನಾವು ಸೇನೆಯ ವ್ಯವಸ್ಥೆಯನ್ನೇ ಪ್ರಶ್ನಿಸಿದೆವು. ಪಾಟರನನ್ನು ಕಂಡು, ಒಳ್ಳೆಯ ಮನುಷ್ಯನೊಬ್ಬನಿದ್ದರೆ ಎಲ್ಲ ವ್ಯವಸ್ಥೆಯೂ ಸಹ್ಯವೆಂದು ಸಮಾಧಾನಪಟ್ಟೆವು. ಮಾಲಿಕೆಯ ವಿಡಂಬನೆ ಮೊಂಡಾಗಿ ಕುಟುಂಬವಾತ್ಸಲ್ಯ ಬೆಳೆಯಿತು. ಗ್ಯಾನನ್ ಪೋಲೀಸರಿಗೆ ಮಾಡಿದ ಸೇವೆಯನ್ನೇ ಪಾಟರ್, ಇನ್ನೂ ಹೆಚ್ಚಿನ ಕಲೆಯಿಂದ, ಸೇನೆಗೆ ಮಾಡಿದನು. ಕೊರಿಯದ ಜನರಂತೂ ಹನ್ನೊಂದು ವರ್ಷವೂ ರೋಗಿಗಳಾಗಿ, ಹಳ್ಳಿಗರಾಗಿ, ಸರಕು ಮಾರುವವರಾಗಿ ಅಂಚಿನಲ್ಲೇ ಉಳಿದರು. ಅವರ ಗುಡ್ಡಗಳ ಪಾತ್ರವನ್ನು ಕೂಡ ಕ್ಯಾಲಿಫೋರ್ನಿಯದ ಗುಡ್ಡಗಳೇ ವಹಿಸಿದುವು.

ಕನ್ನಡನಾಡಿನ ವಾಚಕನಿಗೆ ಇಲ್ಲಿ ಇನ್ನೊಂದು ನೆನಪು ಬರುವುದು ಸಹಜ. ನಿಜವಾದ ಕೊರಿಯದಲ್ಲಿ ಭಾರತದ 60ನೆಯ ಪ್ಯಾರಾಷೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಪಡೆ 1950ರ ನವೆಂಬರಿನಿಂದ ಕೆಲಸ ಮಾಡಿತು. ಅದರ ಅಧಿಪತಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ವೈದ್ಯನೂ ಹೌದು, ವಿಮಾನದಿಂದ ಧುಮುಕುವ ಯೋಧನೂ ಹೌದು. ಆ ಪಡೆಯ ಒಂದು ಭಾಗ 1951ರ ಮಾರ್ಚಿಯಲ್ಲಿ ಅಮೆರಿಕನ್ ಪಡೆಯೊಡನೆ ಮುನ್ಸಾನಿಯಲ್ಲಿ ಪ್ಯಾರಾಷೂಟಿನಿಂದ ಇಳಿಯಿತು. ಕದನವಿರಾಮದ ಬಳಿಕ ಯುದ್ಧಕೈದಿಗಳನ್ನು ಅವರವರ ಇಷ್ಟವನ್ನು ವಿಚಾರಿಸಿ ಬಿಡುಗಡೆ ಮಾಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷನಾಗಿದ್ದನು. ಎರಡು ಕಡೆಯವರ ಸಂದೇಹವನ್ನೂ ಸಹಿಸಿಕೊಂಡು, ಎರಡು ಕಡೆಯ ಮಾತನ್ನೂ ಆಲಿಸಬೇಕಾಗಿದ್ದ ಕಷ್ಟದ ಕೆಲಸ ಅದು. ‘ಮ್ಯಾಷ್’ ಮಾಲಿಕೆಯ ಕಥೆ ಕದನವಿರಾಮದ ಘೋಷಣೆಯೊಡನೆ ಬಹುಮಟ್ಟಿಗೆ ಮುಗಿದುಹೋಗುವುದರಿಂದ ಈ ಅಧ್ಯಾಯಕ್ಕೆ ಅಲ್ಲಿ ಎಡೆಯೇ ಇಲ್ಲ.

1983ರ ಫೆಬ್ರವರಿ 28ರಂದು ಪ್ರಸಾರವಾದ ಎರಡೂವರೆ ಗಂಟೆಯ ಕೊನೆಯ ಕಂತನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಮಿಕ್ಕ ಜನ ನೋಡಿದರು. ಅದರಲ್ಲಿ ಪಾಟರ್ ತನ್ನ ಹೆಣ್ಣುಕುದುರೆ ಸೋಫಿಯನ್ನು ಅನಾಥಾಲಯಕ್ಕೆ ಬಿಟ್ಟುಕೊಡಲು ಏರಿ ಹೊರಡುವಾಗ, ಸೇನೆಯ ಶಿಷ್ಟಾಚಾರವನ್ನು ಎಂದೂ ಲೆಕ್ಕಿಸದ ಇಬ್ಬರು ಕಿರಿಯ ವೈದ್ಯರು ನೆಟ್ಟಗೆ ನಿಂತು ಅವನಿಗೆ ಸಲಾಮು ಮಾಡುತ್ತಾರೆ. ಈ ಸಲಾಮಿನ ಮುಂದೆ ನನ್ನ ಆಕ್ಷೇಪಣೆಗಳು ಸಡಿಲಗೊಳ್ಳುತ್ತವೆಂದು ಒಪ್ಪಿಕೊಳ್ಳಬೇಕು. ಅದು ಪದವಿಗೆ ಸಂದದ್ದಲ್ಲ. ಪದವಿಗೆ ಸಲಾಮು ಮಾಡಲು ಒಲ್ಲದವರು ಮಾಡಿದ್ದರಿಂದಲೇ ಅದಕ್ಕೆ ಬೆಲೆ. ಆದರೂ ಸಲಾಮು ಸಲಾಮೇ, ಸಮವಸ್ತ್ರದ ಮೇಲಿರುವ ಮುಖ ಯಾರದೇ ಆಗಲಿ ಎಂದು ವಾದಿಸುವವರನ್ನು ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ.

2011ರ ಡಿಸೆಂಬರ್ 7ರಂದು, 96ನೆಯ ವಯಸ್ಸಿನಲ್ಲಿ ಮಾರ್ಗನ್ ತೀರಿಕೊಂಡನು. ‘ಮ್ಯಾಷ್’ ಮುಗಿದ ವರ್ಷವೇ ಆರಂಭವಾದ ‘ಆಫ್ಟರ್‌ಮ್ಯಾಷ್’ (1983–85) ಮಾಲಿಕೆಯ ವಿಷಯವಾಗಿ ಒಂದು ಮಾತು ಉಳಿದಿದೆ. ಎಂಟು ವರ್ಷ ಪಾಟರ್ ತನ್ನ ಹೆಂಡತಿ ಮಿಲ್ಡ್ರೆಡ್ಡಳಿಗೆ ಕಾಗದ ಬರೆಯುತ್ತಾ, ಅವಳ ಮಾತೆತ್ತುತ್ತಾ ಇದ್ದನು. ಮೇಜಿನ ಮೇಲಣ ಒಂದು ಭಾವಚಿತ್ರವನ್ನು ಬಿಟ್ಟರೆ ಅವಳು ನಮಗೆ ಕಾಣಿಸಿದ್ದಿಲ್ಲ. ಆ ಚಿತ್ರ ಮಾರ್ಗನ್ನನ ಸ್ವಂತ ಪತ್ನಿಯದು. ಹೊಸ ಮಾಲಿಕೆಯಲ್ಲಿ ಪಾಟರ್ ಮಿಸ್ಸೂರಿಯ ಮಾಜಿ ಸೈನಿಕರ ಆಸ್ಪತ್ರೆಗೆ ಬರುತ್ತಾನೆ, ಮಿಲ್ಡ್ರೆಡ್ ನಟಿಯೊಬ್ಬಳ ರೂಪದಲ್ಲಿ, ಮುಂದೆ ಇನ್ನೊಬ್ಬಳ ರೂಪದಲ್ಲಿ, ಮನೆಯ ಬಾಗಿಲಲ್ಲಿ ಪ್ರತ್ಯಕ್ಷಳಾಗುತ್ತಾಳೆ. ಗ್ಲಾಡಿಸಳ ವಿಷಯದಲ್ಲಿ ಆದಂತೆಯೇ ಇಲ್ಲಿಯೂ ಎರಡು ವರ್ಷಕ್ಕೆ ಮಾಲಿಕೆ ನಿಂತಿತು.